ನಡೆದು ಬಂದವರಿಗೆ ಓಲಗ

ಹೋದ ವಾರ ಶಂಕರಪುರದಲ್ಲಿ ಒಂದು ಮದುವೆಗೆ ಹೋಗಿದ್ದೆ. ಬಾಗಿಲಲ್ಲಿ ನಿಂತಿದ್ದ ಪುಟ್ಟ ಹುಡುಗಿ ಪನ್ನೀರುದಾನಿಯನ್ನು ಎರಡು ಕೈಯಲ್ಲೂ ಹಿಡಿದು ಬೀಸಿದಳು. ಅಷ್ಟೂ ನನ್ನ ಕನ್ನಡಕದ ಮೇಲೆ ಬಿತ್ತು. "ಅಯ್ಯೋ, ಸಾರಿ ತಾತ" ಅಂದಳು. ನಾನು ಒರೆಸಿಕೊಳ್ಳಲಿಲ್ಲ. ಹನಿ ಕೂತ ಗಾಜಿನಾಚೆ ದೀಪ, ಸೀರೆ, ಬಾಳೆಕಂಬ ಎಲ್ಲ ಒಂದರೊಳಗೊಂದು ಕರಗಿದವು. ಆ ವಾಸನೆ ಪ್ರತಿ ಸಲವೂ ನನ್ನನ್ನು ಅದೇ ಜಾಗಕ್ಕೆ ಕರೆದುಕೊಂಡು ಹೋಗುತ್ತದೆ. ಹೊಂಗೆಯ ಹೂವು ಅರಳು ಚೆಲ್ಲಿದ ಹಾಗೆ ಬಿದ್ದಿರುವ ಬಸವನಗುಡಿಯ ರಸ್ತೆಗೆ, ಸ್ವಾತಂತ್ರ್ಯ ಬಂದು ಇನ್ನೂ ವರ್ಷ ತುಂಬದಿದ್ದ ಆ ಬೇಸಿಗೆಗೆ.

ನಮ್ಮದು ಓಲಗದವರ ಮನೆ. ಇದನ್ನು ನಾನು ಎಲ್ಲೂ ಮುಚ್ಚಿಟ್ಟವನಲ್ಲ. ಕಪ್ಪು ಗೌನು ತೊಟ್ಟು, ಸುರುಳಿ ಸುತ್ತಿದ ಬಿ.ಎ. ಪದವಿ ಹಿಡಿದು ತೆಗೆಸಿಕೊಂಡ ಫೋಟೋ ನಮ್ಮ ನಡುಮನೆಯ ಗೋಡೆಯ ಮೇಲಿದೆ. ನಮ್ಮ ವಂಶದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದ ಮೊದಲನೆಯವನು ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಕಷ್ಟಪಟ್ಟೇ ಸಂಪಾದಿಸಿದ್ದು. ಆ ಫೋಟೋದ ಪಕ್ಕದಲ್ಲೇ ತಾತನ ನಾಗಸ್ವರವನ್ನು ತೂಗುಹಾಕಿದ್ದೇನೆ. ಮನೆಗೆ ಬಂದವರ ಕಣ್ಣು ಮೊದಲು ಯಾವುದರ ಮೇಲೆ ಹೋಗುತ್ತದೆ ಎಂದು ನೋಡುವುದು ನನ್ನದೊಂದು ಚಟ.

ಹದಿನಾರು ತುಂಬುವ ತನಕ ನಾನು ಆ ತಾತನ ಮುಖ ನೋಡಿರಲಿಲ್ಲ. ತಾತ ಇದ್ದದ್ದು ಬಸವನಗುಡಿಯಲ್ಲಿ, ಗುಡಿಯ ಹಿಂದಿನ ಓಣಿಯಲ್ಲಿ. ನಾವಿದ್ದದ್ದು ಚಾಮರಾಜಪೇಟೆಯ ಕೊನೆಯ ಒಂದು ವಠಾರದಲ್ಲಿ. ಎಲೆಅಡಿಕೆ ಹಾಕಿಕೊಂಡು ಹೊರಟರೆ ಬಾಯಿಯ ರಸ ಆರುವುದರೊಳಗೆ ಮುಟ್ಟಬಹುದಾದ ದೂರ. ಆ ದೂರವನ್ನು ಅಪ್ಪ ನಾನು ಹುಟ್ಟಿದ ವರ್ಷದಿಂದ ನಡೆದಿರಲಿಲ್ಲ.

ಜಗಳದ ಕತೆ ಅಮ್ಮ ಹೇಳಿದ್ದು. ತಾತ ನಾಗಸ್ವರ, ಅಪ್ಪ ಡೋಲು, ಪೇಟೆಯ ಯಾವುದೋ ದೊಡ್ಡ ಮನೆಯ ಮದುವೆ. ತಾಳಿ ಕಟ್ಟುವ ಗಳಿಗೆಗೆ ಓಲಗದವರು ಗಟ್ಟಿಮೇಳ ಬಾರಿಸಬೇಕು. ಒಂದು ಸೀನಾಗಲಿ, ಒಂದು ಕೆಟ್ಟ ಮಾತಾಗಲಿ ಆ ಹೊತ್ತಿನಲ್ಲಿ ಯಾರ ಕಿವಿಗೂ ಬೀಳಬಾರದು ಅಂತ. ಆದರೆ ಹೆಂಗಸರು, ಮಕ್ಕಳು ಮಂಟಪವನ್ನು ಮುತ್ತಿಕೊಂಡಿರುವಾಗ ಮೂಲೆಯಲ್ಲಿ ಕೂತ ಓಲಗದವರಿಗೆ ಪುರೋಹಿತರು ಕಾಣುವುದಿಲ್ಲ. ಯಾರಾದರೂ ಹಿರಿಯರು ಗುಂಪಿನ ಅಂಚಿನಲ್ಲಿ ನಿಂತು ಕೈ ಎತ್ತುತ್ತಾರೆ. ಆ ಕೈಗಾಗಿ ಡೋಲಿನವನು ಕಾಯುತ್ತಿರಬೇಕು. ಅವತ್ತು ಒಬ್ಬ ಮುದುಕರು ಕೈ ಎತ್ತಿದರು. ಅಪ್ಪ ಬಾರಿಸಿಬಿಟ್ಟರು. ಗಾಬರಿಯಾದ ಮದುಮಗ ತಾಳಿ ಕಟ್ಟೇಬಿಟ್ಟ. ಮುಹೂರ್ತಕ್ಕೆ ಇನ್ನೂ ಹೊತ್ತಿತ್ತು. ಮುದುಕರು ಕೈ ಎತ್ತಿದ್ದು ಪಾನಕ ಹಂಚುತ್ತಿದ್ದವನನ್ನು ಕರೆಯಲಿಕ್ಕೆ!

"ಅಷ್ಟು ಜನರ ಮುಂದೆ ಅವರು ಎದ್ದು ಬಂದು ನಿಮ್ಮಪ್ಪನ ಕೆನ್ನೆಗೆ ಹೊಡೆದ್ರು" ಎಂದು ಅಮ್ಮ ಹೇಳುತ್ತಿದ್ದರು. "ನೀನಾಗ ತೊಟ್ಟಿಲಲ್ಲಿದ್ದೆ. ನಿಮ್ಮಪ್ಪ ಡೋಲು ಅಲ್ಲೇ ಚಾಪೆ ಮೇಲೆ ಬಿಟ್ಟು ಬಂದೋರು, ಮಾರನೇ ದಿನವೇ ಮಿಲ್ಲಿಗೆ ಸೇರ್ಕೊಂಡ್ರು."

ಅವರು ಅಂದರೆ ತಾತ. ಅಮ್ಮ ಮಾವನ ಹೆಸರು ಹೇಳುವ ಹಾಗಿರಲಿಲ್ಲ. ಆ ಹೆಸರನ್ನೇ ನನಗೂ ಇಟ್ಟಿದ್ದರಿಂದ ನನ್ನ ಹೆಸರೂ ಅವರ ಬಾಯಲ್ಲಿ ಬರುತ್ತಿರಲಿಲ್ಲ. ನಾನು ಬರೀ 'ಮರಿ'. ಅಪ್ಪನೂ ಹೇಳುತ್ತಿರಲಿಲ್ಲ, ಅದು ಬೇರೆ ಕಾರಣಕ್ಕೆ. ನಂಜುಂಡ ಅನ್ನುವುದು ಶಾಲೆಯಲ್ಲಿ ಹಾಜರಿ ಕೂಗುವಾಗ ಮಾತ್ರ ಕೇಳಿಬರುವ ಹೆಸರಾಗಿತ್ತು.

ಅಪ್ಪ ಬಿನ್ನಿಪೇಟೆಯ ಮಿಲ್ಲಿನಲ್ಲಿ ನೂಲಿನ ಖಾತೆಯಲ್ಲಿದ್ದರು. ಮನೆಗೆ ಬಂದಾಗ ತಲೆ, ಹುಬ್ಬು, ಕಿವಿಯ ಕೂದಲು ಎಲ್ಲ ಹತ್ತಿಯ ಧೂಳಿನಿಂದ ನರೆತ ಹಾಗೆ ಕಾಣುತ್ತಿದ್ದವು. ರಸ್ತೆಯಲ್ಲಿ ದಿಬ್ಬಣ ಹೋದರೆ ಅವರು ಎರಡು ಕೈಯನ್ನೂ ಕಂಕುಳಿಗೆ ಸಿಕ್ಕಿಸಿಕೊಂಡು ನಿಲ್ಲುತ್ತಿದ್ದರು. ಚಳಿ ಅಂತ ನಾನು ಚಿಕ್ಕವನಾಗಿದ್ದಾಗ ಅಂದುಕೊಂಡಿದ್ದೆ. ಬೆರಳುಗಳನ್ನು ಹಿಡಿದಿಡುತ್ತಿದ್ದರು ಅಂತ ಆಮೇಲೆ ತಿಳಿಯಿತು. ನನ್ನ ಚೀಲದಲ್ಲಿ ಬಿದಿರಿನ ಕೊಳಲು ಸಿಕ್ಕಿದ ದಿನ ಒಂದೇ ಮಾತು ಹೇಳಿದರು. "ಇದು ಆಟಕ್ಕೆ ಇರಲಿ. ಆದ್ರೆ ಓಲಗ ಮುಟ್ಟಿದ್ದು ನನಗೆ ಗೊತ್ತಾದ್ರೆ, ಕಾಲೇಜು ಇಲ್ಲ. ಮಾರನೇ ದಿನ ನನ್ನ ಜೊತೆ ಮಿಲ್ಲಿಗೆ ಬರ್ತೀಯ. ಇನ್ನೊಬ್ಬರ ಮದುವೇಲಿ ಮೂಲೇಲಿ ಕೂರೋದು ನನ್ನ ತಲೆಗೇ ಮುಗೀಬೇಕು."

ವಠಾರದಲ್ಲಿ ಓದಲು ಜಾಗವಿರಲಿಲ್ಲ. ಎಸ್.ಎಸ್.ಎಲ್.ಸಿ. ಪರೀಕ್ಷೆಯ ವರ್ಷ ಹುಡುಗರೆಲ್ಲ ಬೆಳಗಿನ ಜಾವ ಬಸವನಗುಡಿಯ ಕಹಳೆ ಬಂಡೆಗೆ ಹೋಗುತ್ತಿದ್ದೆವು. ಮಂಜು ಮರದ ಬುಡದಲ್ಲೇ ಮಲಗಿರುವ ಹೊತ್ತು. ಬಾವಲಿಗಳು ಮನೆಗೆ ಬಂದು ತಲೆಕೆಳಗಾಗುತ್ತಿದ್ದ ಹೊತ್ತು. ಗುಡಿಯ ಕಡೆಯಿಂದ ನಾಗಸ್ವರದಲ್ಲಿ ಭೂಪಾಳ ಬರುತ್ತಿತ್ತು. ಯಾರು ಊದುತ್ತಿದ್ದಾರೆ ಅಂತ ನನಗೆ ಗೊತ್ತಿತ್ತು, ಅಮ್ಮ ಹೇಳಿದ್ದರು. ನಾನು ರೇಖಾಗಣಿತವನ್ನು ಬಂಡೆಯ ಮೇಲೆ ಕವುಚಿಟ್ಟು, ಕೇಳಿಸಿದ್ದನ್ನೆಲ್ಲ ಕೊಳಲಿನಲ್ಲಿ ಮೆಲ್ಲಗೆ ಹಿಂಬಾಲಿಸುತ್ತಿದ್ದೆ. ಅವರು ಒಂದು ತಿರುವು ಹಾಕಿದರೆ ನಾನೂ ಹಾಕುತ್ತಿದ್ದೆ. ಒಂದು ಬೆಳಿಗ್ಗೆ ನಾಗಸ್ವರ ತಟ್ಟನೆ ನಿಂತಿತು. ನನ್ನ ಕೊಳಲು ಮಾತ್ರ ಬಯಲಲ್ಲಿ ಸಿಕ್ಕಿಬಿದ್ದಿತು.

ಸ್ವಲ್ಪ ಹೊತ್ತಿಗೆ ಬಂಡೆಯ ಕೆಳಗೆ ಒಬ್ಬ ಮುದುಕರು ಬಂದು ನಿಂತರು. ಕೆಂಪಂಚಿನ ಪಂಚೆ, ಬರಿ ಮೈ, ಕಿವಿಯಲ್ಲಿ ಚಿನ್ನದ ಒಂಟಿ.

"ಯಾರೋ ಅದು, ದಿನಾ ನನ್ನ ಹಿಂದೇನೇ ಬರ್ತಿರೋನು?"

ನಾನು ಸುಮ್ಮನೆ ಎದ್ದು ನಿಂತೆ.

"ಬಾಯಿಲ್ವೇನೋ? ಕೊಳಲಿಗೆ ಮಾತ್ರ ಇದೆಯಾ? ನಿನ್ನ ಹೆಸರೇನು?"

"ನಂಜುಂಡ."

ಅವರು ಬಂಡೆ ಹತ್ತಿ ಹತ್ತಿರ ಬಂದು ನನ್ನ ಗಲ್ಲ ಹಿಡಿದು ಬೆಳಕಿನ ಕಡೆ ತಿರುಗಿಸಿದರು. ಅವರ ಬೆರಳಲ್ಲಿ ಒದ್ದೆ ಹುಲ್ಲಿನ ವಾಸನೆ ಇತ್ತು. ನಾಗಸ್ವರದ ಬಾಯಿಗೆ ಸಿಕ್ಕಿಸುವ ಪೀಪಿಯ ವಾಸನೆ.

"ತುಟಿ ನನ್ನದು," ಅಂದರು. "ಹಣೆ ಅವನದು. ಮೊದಲು ಪರೀಕ್ಷೆ ಮುಗಿಸು. ಆಮೇಲೆ ಬಾ."

ಪರೀಕ್ಷೆ ಮುಗಿದ ಮಧ್ಯಾಹ್ನವೇ ಹೋದೆ. ರಾಗ ಕಲಿಸುತ್ತಾರೆ ಅಂತ ಹೋದವನಿಗೆ ತಾತ ಕೊಟ್ಟದ್ದು ಒಂದು ಚೊಂಬು ನೀರು, ಒಂದು ಪರಂಗಿ ಎಲೆಯ ದಂಟು. ದಂಟು ಒಳಗೆ ಟೊಳ್ಳು. ಅದನ್ನು ನೀರಿಗೆ ಅದ್ದಿ ಊದಬೇಕು, ಗುಳ್ಳೆ ಎದ್ದು ಬರುತ್ತಲೇ ಇರಬೇಕು, ಒಂದು ಕ್ಷಣವೂ ನಿಲ್ಲಬಾರದು.

"ಉಸಿರು ಮುಗಿದ್ರೆ?" ಅಂದೆ.

"ಮುಗಿಯೋಕೆ ಬಿಟ್ರೆ ತಾನೆ! ಕೆನ್ನೇಲಿ ಕೂಡಿಟ್ಕೋ. ಕೆನ್ನೆಯಿಂದ ಹೊರಗೆ ಬಿಡ್ತಾ ಮೂಗಿಂದ ಒಳಗೆ ಕದಿ. ಕದ್ದದ್ದು ಯಾರಿಗೂ ಗೊತ್ತಾಗಬಾರದು."

ಪಕ್ಕದಲ್ಲಿ ಡೋಲಿನ ಹಗ್ಗ ಬಿಗಿಯುತ್ತಿದ್ದ ಚಿಕ್ಕಪ್ಪ ನಕ್ಕರು. ಪುಟ್ಟಸ್ವಾಮಿ ಅಂತ, ಅಪ್ಪನ ತಮ್ಮ. ಅಪ್ಪ ಬಿಟ್ಟು ಬಂದ ಡೋಲನ್ನು ಅವರೇ ಬಾರಿಸುತ್ತಿದ್ದರು. "ಓದಿದೋನಿಗೆ ಕಳ್ಳತನ ಕಲಿಸ್ತಿದೀಯಲ್ಲಪ್ಪ" ಅಂದರು.

ಇದು ಒತ್ತು ಹಿಡಿಯುವವನ ಪಾಠ. ನಾಗಸ್ವರದ ಪಕ್ಕ ಅದರಂಥದೇ ಇನ್ನೊಂದು ವಾದ್ಯ ಇರುತ್ತದೆ, ಒತ್ತು ಅಂತ. ಅದರಲ್ಲಿ ಒಂದೇ ಒಂದು ಸ್ವರ. ಮೇಳ ಶುರುವಾದಾಗಿಂದ ಮುಗಿಯುವ ತನಕ ಅದೊಂದನ್ನೇ ಕಡಿಯದೆ ಊದುತ್ತಿರಬೇಕು. ನಾಗಸ್ವರ ಅದರ ಮೇಲೆ ಹತ್ತಿ ಇಳಿದು ಆಡುತ್ತದೆ. ಆಗಲೇ ಅನೇಕ ಮೇಳದವರು ಒತ್ತು ಬಿಟ್ಟು ಶ್ರುತಿಪೆಟ್ಟಿಗೆ ಇಟ್ಟುಕೊಳ್ಳುತ್ತಿದ್ದರು. ತಾತ ಒಪ್ಪಲಿಲ್ಲ. "ನೀನು ಕೊಳಲಲ್ಲಿ ಚೆನ್ನಾಗಿ ಹಾರಾಡ್ತೀಯ," ಅಂದರು ನನಗೆ. "ಒಂದು ಕಡೆ ನಿಲ್ಲೋದು ಗೊತ್ತಿಲ್ಲ. ನಿಂತು ಕಲಿ."

ಆ ಬೇಸಿಗೆ ಹೇಗೆ ಕಳೆಯಿತೋ. ಈಗ ಯೋಚಿಸಿದರೆ ಒಂದೇ ಉದ್ದನೆಯ ಮಧ್ಯಾಹ್ನದ ಹಾಗಿದೆ. ಓಣಿಯ ನೆರಳು ಒಂದು ಗೋಡೆಯಿಂದ ಇಳಿದು ಇನ್ನೊಂದು ಗೋಡೆ ಹತ್ತುತ್ತಿತ್ತು. ಚೊಂಬಿನ ನೀರಿನಲ್ಲಿ ಗುಳ್ಳೆ ಕಡಿಯುತ್ತಿತ್ತು, ಮತ್ತೆ ಏಳುತ್ತಿತ್ತು. ಯಾವತ್ತೋ ಒಂದು ದಿನ, ನನಗೇ ತಿಳಿಯದ ಹಾಗೆ, ಕಡಿಯುವುದು ನಿಂತಿತು. ಉಸಿರು ನನ್ನದಲ್ಲ ಅನ್ನಿಸಿತು. ಒಳಗೆ ಬರುವುದೂ ಹೊರಗೆ ಹೋಗುವುದೂ ಒಂದೇ ಆಗಿ, ನಾನು ಬರೀ ಕೊಳವೆಯಾಗಿ ಕೂತಿದ್ದೆ. ತಲೆ ಹಗುರಾಗಿ, ಬಾಗಿಲಾಚೆಯ ಹೊಂಗೆ ಮರ ನೆಲ ಬಿಟ್ಟು ಒಂದಿಷ್ಟು ಮೇಲೆದ್ದ ಹಾಗೆ, ಅದರ ಕೆಳಗೆ ಮಲಗಿದ್ದ ದನವೂ ಅದರೊಟ್ಟಿಗೆ ತೇಲಿದ ಹಾಗೆ. ಸಂಜೆ ಎರಡು ಹನಿ ಮಳೆ ಬಿದ್ದು ಮಣ್ಣು ಘಮ್ಮೆಂದಾಗ ತಾತ ನನ್ನ ಕೈಗೆ ಒತ್ತು ಕೊಟ್ಟು, ತಾವು ನಾಗಸ್ವರ ಎತ್ತಿಕೊಳ್ಳುತ್ತಿದ್ದರು. ನನ್ನ ಒಂದೇ ಸ್ವರದ ಮೇಲೆ ಅವರ ಆನಂದಭೈರವಿ ಬಂದು ಕೂರುತ್ತಿತ್ತು, ಕೆರೆಯ ಮೇಲೆ ಹಕ್ಕಿ ಇಳಿಯುವ ಹಾಗೆ.

ಆದರೆ ತಾತನ ಹಲ್ಲು ಬೀಳತೊಡಗಿತ್ತು. ಮುಂದಿನ ಹಲ್ಲಿನ ಆಸರೆ ಇಲ್ಲದೆ ಪೀಪಿ ತುಟಿಯಲ್ಲಿ ನಿಲ್ಲುವುದಿಲ್ಲ. ಉಳಿದಿದ್ದ ಎರಡು ಹಲ್ಲುಗಳೂ ಅಲ್ಲಾಡುತ್ತಿದ್ದವು. "ಈ ಜ್ಯೇಷ್ಠ ದಾಟಲಿ ಸಾಕು," ಅನ್ನುತ್ತಿದ್ದರು. "ಆಷಾಢದಲ್ಲಿ ಹೆಂಗೂ ಮದುವೆ ಇಲ್ಲ. ಆಮೇಲೆ ನಂದು ಮುಗೀತು."

ಅಪ್ಪನ ಸುದ್ದಿ ಅವರು ನೇರವಾಗಿ ಎತ್ತುತ್ತಿರಲಿಲ್ಲ. ಮದುವೆಗಳ ತಮಾಷೆ ಹೇಳುತ್ತಿದ್ದರು. ದೊಡ್ಡ ಮನುಷ್ಯರು ಚಪ್ಪರಕ್ಕೆ ಬಂದರೆ ಓಲಗದವರು ಎದುರುಗೊಳ್ಳುವ ಮೇಳ ನುಡಿಸಬೇಕು. ಕೇಳಿದ ಕೂಡಲೇ ಮನೆಯವರು ಪನ್ನೀರು, ಗಂಧ ಹಿಡಿದು ಬಾಗಿಲಿಗೆ ಓಡುತ್ತಾರೆ. "ಮೋಟಾರಲ್ಲಿ ಬಂದೋರಿಗೆ ಉದ್ದ ನುಡಿಸಬೇಕು. ಜಟಕಾದಲ್ಲಿ ಬಂದೋರಿಗೆ ಗಿಡ್ಡ. ನಡ್ಕೊಂಡು ಬಂದೋರಿಗೆ ಏನೂ ಇಲ್ಲ," ಎಂದು ನಕ್ಕು, ಸ್ವಲ್ಪ ಹೊತ್ತು ಬಿಟ್ಟು ಕೇಳುತ್ತಿದ್ದರು. "ಅವನು ಮಿಲ್ಲಿಗೆ ಸೈಕಲ್ಲಲ್ಲಿ ಹೋಗ್ತಾನಾ?"

"ಇಲ್ಲ ತಾತ. ನಡ್ಕೊಂಡೇ ಹೋಗ್ತಾರೆ."

"ಹೂಂ."

ಮನೆಯಲ್ಲಿ ಅಮ್ಮನಿಗೆ ನನ್ನ ತುಟಿ ನೋಡಿದ ದಿನವೇ ಗೊತ್ತಾಯಿತು. ಓಲಗದವರ ಮನೆಯ ಸೊಸೆಗೆ ಒಡೆದ ತುಟಿ ಏನು ಹೇಳುತ್ತದೆ ಅಂತ ತಿಳಿಯದೆ ಇರುತ್ತದೆಯೇ? ಬೆಣ್ಣೆ ಸವರಿದರು, ಏನೂ ಕೇಳಲಿಲ್ಲ. ಮಾರನೆಯ ದಿನ ಒಂದು ಡಬ್ಬಿ ಕೈಗಿಟ್ಟರು. "ಮೊಸರಲ್ಲಿ ನೆನೆಸಿದ ಅವಲಕ್ಕಿ. ಹಲ್ಲಿಲ್ಲದೋರು ತಿನ್ನಬಹುದು," ಅಂದರು.

ಜ್ಯೇಷ್ಠದ ಕೊನೆಯ ಮುಹೂರ್ತಕ್ಕೆ ಶಂಕರಪುರದ ಒಬ್ಬ ಜವಳಿ ವ್ಯಾಪಾರಿಯ ಮಗಳ ಮದುವೆ ಒಪ್ಪಿಕೊಂಡಿದ್ದರು. ಒತ್ತು ಹಿಡಿಯುವ ಕೆಂಪಣ್ಣ ಮಳೆ ಬಿತ್ತೆಂದು ಬಿತ್ತನೆಗೆ ಊರಿಗೆ ಹೋದವನು ತಿರುಗಿ ಬರಲಿಲ್ಲ. ಹಿಂದಿನ ಸಂಜೆ ಚಿಕ್ಕಪ್ಪ ಶ್ರುತಿಪೆಟ್ಟಿಗೆ ತರುತ್ತೇನೆಂದು ಹೊರಟರು.

"ನಾನು ಹಿಡೀತೀನಿ ತಾತ," ಅಂದೆ.

"ನಿಮ್ಮಪ್ಪನಿಗೆ ಗೊತ್ತಾ?"

"ಇಲ್ಲ."

"ಗೊತ್ತಾದ್ರೆ ನಿನ್ನ ಓದು ನಿಲ್ಲಿಸ್ತಾನೆ. ಅವನು ಹೇಳಿದ್ದು ಮಾಡೋನು, ನನ್ನ ಮಗ. ಬೇಡ."

"ಇದು ನಿಮ್ಮ ಕೊನೇ ಮದುವೆ ಅಲ್ವಾ?"

ತಾತ ಪೀಪಿಗಳ ಗೊಂಚಲಿನಿಂದ ಒಂದನ್ನು ಆರಿಸಿ ನಾಲಿಗೆಯಲ್ಲಿ ನೆನೆಸುತ್ತ ಬಹಳ ಹೊತ್ತು ಕೂತರು. ಕೊನೆಗೆ, "ಬೆಳಿಗ್ಗೆ ಏನೂ ತಿನ್ನಬೇಡ. ಹೊಟ್ಟೆ ತುಂಬಿದ್ರೆ ಉಸಿರು ನಿಲ್ಲಲ್ಲ," ಅಂದರು.

ತೆಂಗಿನ ಗರಿಯ ಚಪ್ಪರ. ಸಂದಿಗಳಿಂದ ಬಿಸಿಲು ಕಾಸುಕಾಸಾಗಿ ಬಿದ್ದು ಎಲ್ಲರ ಮೈಮೇಲೂ ಆಡುತ್ತಿತ್ತು. ನಾವು ಮೂಲೆಯ ಚಾಪೆಯ ಮೇಲೆ ಕೂತಿದ್ದೆವು. ಅಪ್ಪ ಯಾವ ಮೂಲೆ ಬೇಡ ಅಂದಿದ್ದರೋ ಅದೇ ಮೂಲೆ. ನನಗೆ ನಾಚಿಕೆಯಾಗಲಿಲ್ಲ ಅಂತ ಇಲ್ಲೇ ಹೇಳಿಬಿಡುತ್ತೇನೆ. ಒತ್ತು ಬಾಯಿಗೆ ಸೇರಿದ ಮೇಲೆ ಮೂಲೆ ಅನ್ನುವುದೇ ಇರಲಿಲ್ಲ. ಮದುವೆಮನೆಯೆಲ್ಲ ನನ್ನ ಉಸಿರಿನ ಮೇಲೆ ನಿಂತಿತ್ತು. ಅಂತರಪಟ ಹಿಡಿದಿದ್ದರು. ಚಿಕ್ಕಪ್ಪ ಕೋಲು ಎತ್ತಿ ಹಿಡಿದುಕೊಂಡು, ಜನರ ತಲೆಗಳ ಮೇಲೆ ಕೈಯೊಂದು ಏಳುವುದನ್ನು ಹುಡುಕುತ್ತಿದ್ದರು.

ಆಗ ಚಪ್ಪರದ ಬಾಗಿಲಲ್ಲಿ ಅಪ್ಪ ಕಂಡರು.

ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದರು. ತಲೆ, ಹುಬ್ಬು ಎಲ್ಲ ಬಿಳಿ. ಕೈಯಲ್ಲಿ ಪತ್ರಿಕೆ. ಅವತ್ತು ಫಲಿತಾಂಶದ ದಿನ. ಅಕ್ಷರ ಕಷ್ಟವಾದರೂ ಅಪ್ಪನಿಗೆ ಅಂಕಿ ಬರುತ್ತಿತ್ತು. ನನ್ನ ನಂಬರು ಹುಡುಕಿಕೊಂಡು ಮನೆಗೆ ಓಡಿದ್ದಾರೆ, ನಾನಿಲ್ಲ. ಎಲ್ಲಿದ್ದೇನೆಂದು ಅಮ್ಮ ಹೇಳಿಬಿಟ್ಟಿದ್ದಾರೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ಕಂಡದ್ದು ಅವರ ಕಣ್ಣು ಮಾತ್ರ. ಅವು ನನ್ನ ಉಬ್ಬಿದ ಕೆನ್ನೆಯ ಮೇಲೆ ನಿಂತಿದ್ದವು. ನಾನು ಏಳುವ ಹಾಗಿಲ್ಲ, ಮಾತಾಡುವ ಹಾಗಿಲ್ಲ, ಆ ಸ್ವರ ಬಿಡುವ ಹಾಗಿಲ್ಲ. ಕಾಲೇಜು ಹೋಯಿತು ಅಂದುಕೊಂಡೆ. ಊದುತ್ತಲೇ ಇದ್ದೆ.

ಅಪ್ಪನ ಸಿಟ್ಟನ್ನು ಅವರ ಸಂತೋಷ ಮೀರಿತೇನೋ. ನನಗೆ ಕಾಣಲಿ ಅಂತ ಪತ್ರಿಕೆಯನ್ನು ಮೇಲೆತ್ತಿ ಹಿಡಿದರು.

ಕೈ ಎದ್ದಿತು. ಚಿಕ್ಕಪ್ಪ ಬಾರಿಸಿಬಿಟ್ಟರು.

ಅಪ್ಪನ ಮುಖ ಸುಣ್ಣವಾದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ತಾನು ಏನು ಮಾಡಿದೆ ಅಂತ ಆ ಚಪ್ಪರದಲ್ಲಿ ಅವರಷ್ಟು ಚೆನ್ನಾಗಿ ತಿಳಿದವರು ಇನ್ಯಾರಿದ್ದರು? ಯಾರೋ ಅಕ್ಷತೆ ಎರಚಿಯೂ ಬಿಟ್ಟರು. "ತಡೀರಿ, ತಡೀರಿ! ಇನ್ನೂ ಹೊತ್ತಿದೆ!" ಎಂದು ಪುರೋಹಿತರು ಒಳಗಿಂದ ಕೂಗಿದರು. ಚಿಕ್ಕಪ್ಪನ ಕೋಲು ಗಾಳಿಯಲ್ಲಿ ನಿಂತಿತು.

ತಾತ ನಿಲ್ಲಿಸಲಿಲ್ಲ. ಬಾಗಿಲ ಕಡೆ ನೋಡಿದರು, ಮಗನನ್ನು ಕಂಡರು. ಗಟ್ಟಿಮೇಳದ ಆ ಅಬ್ಬರದಿಂದಲೇ ಒಂದು ಎಳೆ ಹಿಡಿದು, ಉಸಿರು ತೆಗೆದುಕೊಳ್ಳದೆ ಎದುರುಗೊಳ್ಳುವ ಮೇಳಕ್ಕೆ ಹಾರಿಬಿಟ್ಟರು. ಚಿಕ್ಕಪ್ಪ ಅರ್ಥಮಾಡಿಕೊಂಡು ಡೋಲು ಸೇರಿಸಿದರು. ಗಿಡ್ಡದ್ದಲ್ಲ, ಮೋಟಾರಿನಲ್ಲಿ ಬರುವವರಿಗೆ ನುಡಿಸುವ ಉದ್ದನೆಯದು.

ಇಡೀ ಮದುವೆಮನೆ ಬಾಗಿಲ ಕಡೆ ತಿರುಗಿತು. ಯಾರೋ ಭಾರಿ ಮನುಷ್ಯರು ಬಂದಿದ್ದಾರೆ, ಅದಕ್ಕೇ ಓಲಗ ಎದ್ದದ್ದು! ಹೆಣ್ಣಿನ ತಂದೆ ಪಂಚೆ ಎತ್ತಿಕೊಂಡು ಓಡಿದರು, ಅವರ ಹಿಂದೆ ಪನ್ನೀರುದಾನಿ, ಗಂಧದ ಬಟ್ಟಲು. ಹಿಂದೆ ಸರಿಯುತ್ತಿದ್ದ ಅಪ್ಪನ ಕೈ ಹಿಡಿದುಕೊಂಡು, "ಬನ್ನಿ ಬನ್ನಿ, ದಯಮಾಡ್ಸಬೇಕು" ಎಂದು ಹತ್ತಿಯ ಧೂಳಿನ ತಲೆಯ ಮೇಲೆ ಪನ್ನೀರು ಸುರಿಸಿದರು. ಅಪ್ಪ ನಡೆದು ಬಂದರು. ಅವರು ಮುಂದಿನ ಸಾಲಿನ ತನಕ ಬರುವಷ್ಟೂ ಹೊತ್ತು ತಾತ ಕಣ್ಣು ಮುಚ್ಚಿಕೊಂಡು ನುಡಿಸಿದರು. ಅಲ್ಲಾಡುವ ಎರಡು ಹಲ್ಲಿನಲ್ಲಿ ಅಷ್ಟು ಹೊತ್ತು.

"ತಾವು ಗಂಡಿನ ಕಡೆಯೋರಾ?" ಎಂದು ಹೆಣ್ಣಿನ ತಂದೆ ಕೇಳಿದರು. ಗಂಡಿನ ತಂದೆ, "ನಿಮ್ಮ ಕಡೆಯೋರು ಅಂದ್ಕೊಂಡೆ ನಾನು," ಅಂದರು.

ಅಪ್ಪ ಗಂಧ ಹಚ್ಚಿದ ಕೈಯನ್ನು ಒಮ್ಮೆ ನೋಡಿಕೊಂಡರು. "ನಾನು ಓಲಗದ ಕಡೆಯೋನು," ಎಂದು ಹೇಳಿ ಬಂದು, ನಮ್ಮ ಚಾಪೆಯ ಅಂಚಿನಲ್ಲಿ ಕೂತರು.

ತಪ್ಪು ಮಾಡಿ ಬೆವರುತ್ತಿದ್ದ ಚಿಕ್ಕಪ್ಪನಿಗೆ ಈಗ ಯಾವ ಕೈಯನ್ನೂ ನಂಬುವ ಧೈರ್ಯ ಇರಲಿಲ್ಲ. ಅಪ್ಪನನ್ನೇ ನೋಡುತ್ತಿದ್ದರು. ಅಪ್ಪ ಕತ್ತು ಚಾಚಿ, ಜನರ ಸಂದಿಯಲ್ಲಿ ಪುರೋಹಿತರ ಬೆರಳನ್ನು ಕಣ್ಣಲ್ಲೇ ಹುಡುಕಿ ಹಿಡಿದು, "ಇರು... ಇರು..." ಅನ್ನುತ್ತಿದ್ದರು. ಆಮೇಲೆ, "ಹೊಡಿಯೋ!"

ಅಂಥ ಗಟ್ಟಿಮೇಳ ನಾನು ಮತ್ತೆ ಕೇಳಲಿಲ್ಲ.

ಎಲ್ಲ ಮುಗಿದು ತಾತ ಪೀಪಿಯನ್ನು ಬಾಯಿಂದ ತೆಗೆದಾಗ ಅದರ ಜೊತೆ ಒಂದು ಹಲ್ಲೂ ಬಂತು. ಅದನ್ನು ಅಂಗೈಯಲ್ಲಿ ಹಿಡಿದು ನೋಡುತ್ತ, ಅಪ್ಪನ ಕಡೆ ತಿರುಗದೆಯೇ ಹೇಳಿದರು.

"ಅವತ್ತೂ ಹಿಂಗೇ ದಾಟಿಸಬಹುದಾಗಿತ್ತು ಕಣೋ. ನನಗೆ ಬರ್ತಿತ್ತು. ಮಾಡ್ಲಿಲ್ಲ."

ಚಾಪೆಯ ಮೇಲಿದ್ದ ಡೋಲಿನ ಅಂಚಿನ ಮೇಲೆ ಅಪ್ಪನ ಬೆರಳು ಸುಮ್ಮನೆ ಕೂತಿತ್ತು. "ಏಳಿ, ಬಾಯಿ ಮುಕ್ಕಳಿಸಿ. ರಕ್ತ ಬರ್ತಿದೆ," ಅಂದರು. ನೀರಿನ ಚೊಂಬು ತಾವೇ ತಂದುಕೊಟ್ಟರು. ಮೊದಲ ಪಂಕ್ತಿಗೇ ಕೂರಬೇಕೆಂದು ಹೆಣ್ಣಿನ ತಂದೆ ಬಲವಂತ ಮಾಡಿದಾಗ ಅಪ್ಪ ಏಳಲಿಲ್ಲ. ಕಡೆಯ ಪಂಕ್ತಿಯಲ್ಲಿ ಓಲಗದವರ ಜೊತೆ ಉಂಡರು.

ಮನೆಯ ಕಡೆ ಹೊರಟಾಗ ಮೋಡ ಕವಿದಿತ್ತು. ಶಂಕರಪುರದ ಓಣಿಗಳಲ್ಲಿ ಗಾಳಿ ಹೂವು ಗುಡಿಸುತ್ತಿತ್ತು. ನಾನು ತೀರ್ಪಿಗಾಗಿ ಕಾಯುತ್ತ ಅಪ್ಪನ ಪಕ್ಕದಲ್ಲಿ ನಡೆಯುತ್ತಿದ್ದೆ.

"ಎಲ್ಲಿ ಉಸಿರು ಕದ್ದೆ ಅಂತ ಗೊತ್ತೇ ಆಗ್ಲಿಲ್ಲ," ಅಂದರು ಕೊನೆಗೆ.

ಇನ್ನೂ ಸ್ವಲ್ಪ ದೂರ ಹೋದ ಮೇಲೆ, "ಫಸ್ಟ್ ಕ್ಲಾಸಂತೆ. ಪೇಪರ್ ಅಂಗಡಿಯೋನು ಓದಿ ಹೇಳಿದ. ನಾಳೇನೇ ಕಾಲೇಜಿನ ಅರ್ಜಿ ತರೋಣ," ಅಂದರು.

ವಠಾರದ ಬಾಗಿಲಲ್ಲಿ ಅಮ್ಮ ನಿಂತಿದ್ದರು. ಏನಾಯಿತೋ ಅಂತ ಬೆಳಗಿನಿಂದ ಅಲ್ಲೇ ನಿಂತಿದ್ದರಂತೆ. ಅಪ್ಪ ಪತ್ರಿಕೆಯನ್ನು ಅವರ ಕೈಗಿಟ್ಟರು. ಅದು ಒದ್ದೆಯಾಗಿ ಮೆತ್ತಗಾಗಿತ್ತು. ಓದಲು ಬಾರದ ಅಮ್ಮ ಅದನ್ನು ಮೂಗಿನ ಹತ್ತಿರ ತಂದುಕೊಂಡರು. "ಇದೇನು, ರಿಸಲ್ಟು ಪನ್ನೀರು ವಾಸನೆ ಹೊಡೀತಿದೆ?" ಎಂದು ನಗಲು ಹೊರಟವರು ಹಾಗೇ ನಿಂತರು. ಅವರ ಕಣ್ಣು ನಮ್ಮನ್ನು ದಾಟಿ ರಸ್ತೆಯ ಕಡೆ ಹೋಗಿತ್ತು.

ನಾಗಸ್ವರದ ಚೀಲ ಹೆಗಲಿಗೆ ಹಾಕಿಕೊಂಡು, ಬಾಯಿಗೆ ಪಂಚೆಯ ಅಂಚು ಒತ್ತಿಕೊಂಡು, ತಾತ ನಮ್ಮ ಹಿಂದೆಯೇ ನಿಧಾನವಾಗಿ ನಡೆದು ಬರುತ್ತಿದ್ದರು.

ಅಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಕಾಲಿಗೆ ನೀರು ತರಲು ಒಳಗೆ ಓಡಿದರು.